ಮಿಲ್ಲಿನೂರಿನ ಮೇಬಲ್

ಮೇಬಲ್ ಮನೆಯೊಳಗೆ ಕುರ್ಚಿ ಹಾಕಿಕೊಂಡು ಕೂತದ್ದನ್ನು ನಾನು ನೋಡಲೇ ಇಲ್ಲ. ಸಿಂಗಾಪುರದ ಬೆಡೋಕ್‌ನ ನಮ್ಮ ಬ್ಲಾಕಿನ ಎಂಟನೇ ಮಹಡಿಯಲ್ಲಿ, ಎಲ್ಲರೂ ಓಡಾಡುವ ಕಾರಿಡಾರಿಗೆ ಮರದ ಕುರ್ಚಿ ಎಳೆದುಕೊಂಡು, ಗಂಡಸಿನ ಹಾಗೆ ಕಾಲು ಅಗಲಿಸಿ ಕೂರುವಳು. ಹೋಗುವವರಿಗೆ ಬರುವವರಿಗೆ ಎಲ್ಲರಿಗೂ ಕೈ ಎತ್ತುವಳು. ಕೈ ಎತ್ತಿದರೆ ಸಾಲದು, ಕೂಗುವಳು. ಆ ಬ್ಲಾಕಿನಲ್ಲಿ ಒಬ್ಬರ ಮುಖ ಒಬ್ಬರು ನೋಡದೆ ಬೀಗ ತೆಗೆದು ಒಳಗೆ ಹೋಗುವುದೇ ರೂಢಿ. ಮೂಲೆ ಮನೆಯ ಚೀನಾದ ಅಂಕಲ್ ಒಬ್ಬ ಹಕ್ಕಿ ಪಂಜರ ಹಿಡಿದುಕೊಂಡು ಇವಳನ್ನು ಕಂಡರೆ ಗೋಡೆಗೆ ಅಂಟಿಕೊಂಡು ಓಡುತ್ತಿದ್ದ. ಸ್ವಲ್ಪ ದಿನ ಕಳೆದ ಮೇಲೆ ಅವನೇ ಬಂದು ಪಂಜರ ಅವಳ ತೊಡೆಯ ಮೇಲಿಟ್ಟು ಹಕ್ಕಿ ತೋರಿಸುತ್ತಿದ್ದ. ಅಂಥ ಹೆಂಗಸು.

ನಾನು ದಾವಣಗೆರೆಯವಳು. ಮಗಳು ಸುಮಾ ಸಿಂಗಾಪುರದಲ್ಲಿ ನರ್ಸು. ಅವಳ ಮಗುವನ್ನು ನೋಡಿಕೊಳ್ಳಲು ಹೋದವಳು ಅಲ್ಲೇ ಉಳಿದೆ. ಪಕ್ಕದ ಮನೆಯಲ್ಲಿ ರಾಬ್ ಅಂತ ಅಮೆರಿಕದ ಹುಡುಗ, ಹುಡುಗ ಅಂದರೆ ನಲವತ್ತು ದಾಟಿದವನು, ಅಲ್ಲಿನ ಚೀನಾದ ಹುಡುಗಿಯನ್ನು ಮದುವೆಯಾಗಿ ಮೇಷ್ಟ್ರ ಕೆಲಸ ಮಾಡಿಕೊಂಡಿದ್ದ. ಮೇಬಲ್ ಅವನ ತಾಯಿ. ಊರಲ್ಲಿ ಮೆಟ್ಟಿಲಿಂದ ಜಾರಿ ಬಿದ್ದಳಂತೆ. ಒಬ್ಬಳೇ ಇರುವುದು ಬೇಡ ಅಂತ ಮಗ ಕರೆದುಕೊಂಡು ಬಂದಿದ್ದ.

ಅವಳಿಗೆ ಕನ್ನಡ ಬಾರದು, ನನಗೆ ಇಂಗ್ಲಿಷ್ ಬಾರದು. ಮೊದಮೊದಲು ಬರೀ ಹಲ್ಲು ತೋರಿಸುವುದಷ್ಟೇ ಆಯಿತು. ಒಂದು ದಿನ ನಾನೂ ಕಾರಿಡಾರಿನಲ್ಲಿ ಚಾಪೆ ಹಾಕಿಕೊಂಡು ಮಗುವಿಗೆ ಕೌದಿ ಹೊಲಿಯುತ್ತಿದ್ದೆ. ದಾರ ಕಡಿಯಿತು. ನಾನು ಕೈ ಹಾಕುವ ಮೊದಲೇ ಮೇಬಲ್ ಕುರ್ಚಿಯಿಂದ ಬಗ್ಗಿ ಎರಡೂ ತುದಿ ಹಿಡಿದು, ಹೆಬ್ಬೆರಳು ಒಂದು ಸಲ ಹೊರಳಿಸಿ ಗಂಟು ಹಾಕಿಬಿಟ್ಟಳು. ಗಂಟು ಎಲ್ಲಿದೆ ಅಂತ ಬೆರಳಿಗೂ ಸಿಗಬಾರದು, ಹಾಗೆ. ಮನೆಯಲ್ಲಿ ಹೊಲಿಯುವ ಹೆಂಗಸಿಗೆ ಆ ಗಂಟು ಬರುವುದಿಲ್ಲ. ಅದು ಮಿಲ್ಲಿನ ಗಂಟು. ನಾನು ದಾರವನ್ನು ಬೇಕಂತಲೇ ಕಡಿದು, ಅದೇ ಗಂಟು ಹಾಕಿ ಅವಳ ಮುಂದೆ ಹಿಡಿದೆ. ಅವಳು ನನ್ನ ಬೆನ್ನಿಗೆ ಒಂದು ಗುದ್ದು ಕೊಟ್ಟು ಎಂಥ ನಗೆ ನಕ್ಕಳೆಂದರೆ, ಒಳಗೆ ಮಲಗಿದ್ದ ಮಗು ಎದ್ದು ಅಳತೊಡಗಿತು.

ಆಮೇಲೆ ನಮಗೆ ಮಾತಿಗೆ ಬರ ಇರಲಿಲ್ಲ. ಸುಮಾ ಮನೆಯಲ್ಲಿದ್ದಾಗ ಮೇಬಲ್ ಹೇಳಿದ್ದನ್ನೆಲ್ಲ ಕನ್ನಡ ಮಾಡಿ ಹೇಳುತ್ತಿದ್ದಳು. ಇಲ್ಲದಿದ್ದಾಗ ಕೈ ಇದ್ದವು.

ಅವಳ ಊರಿಗೆ ಒಂದು ಹೊಳೆ, ಹೊಳೆಯ ದಂಡೆಗೆ ಒಂದು ಹತ್ತಿ ಮಿಲ್ಲು. ಮಿಲ್ಲು ಇದ್ದದ್ದಕ್ಕೆ ಊರು. ಮನೆಗಳನ್ನೂ ಮಿಲ್ಲಿನವರೇ ಕಟ್ಟಿಸಿದ್ದರಂತೆ, ಎಲ್ಲವೂ ಮರದವು, ಎಲ್ಲವೂ ಒಂದೇ ಅಚ್ಚು, ಎಲ್ಲದಕ್ಕೂ ಮುಂದೆ ಒಂದು ಜಗಲಿ. ಮಿಲ್ಲಿನ ಕೂಗು ಆದರೆ ಊರು ಏಳಬೇಕು, ಕೂಗು ಆದರೆ ಉಣ್ಣಬೇಕು. ಪಾಳಿ ಬಿಟ್ಟಾಗ ಎಲ್ಲರ ತಲೆಯೂ ಬೆಳ್ಳಗೆ, ವಯಸ್ಸಿಗಲ್ಲ, ಹತ್ತಿಗೆ. ಪೇಟೆಯ ಕಡೆಯವರು ಇವರನ್ನು ಹತ್ತಿತಲೆಯವರು ಅಂತ ಆಡಿಕೊಳ್ಳುತ್ತಿದ್ದರಂತೆ. ಅವಳ ಗಂಡ ಹತ್ತಿ ಬಿಡಿಸುವ ಖಾತೆಯಲ್ಲಿದ್ದು, ಎದೆ ತುಂಬ ಧೂಳು ಕುಡಿದು, ಕೆಮ್ಮಿ ಕೆಮ್ಮಿ ಸತ್ತ. ಸಾಯುವ ಮೊದಲು ಇಬ್ಬರೂ ದುಡಿದು ಆ ಮನೆಯನ್ನು ಮಿಲ್ಲಿನವರಿಂದ ಕೊಂಡುಕೊಂಡಿದ್ದರು. ಆಮೇಲೆ ಮಿಲ್ಲಿಗೇ ಬೀಗ ಬಿತ್ತು. ಪ್ರಾಯದವರು ಹೊರಟುಹೋದರು. ಇವಳಂಥವರು ಉಳಿದರು.

"ನಮ್ಮೂರಲ್ಲೂ ಅದೇ ಕಥೆ" ಅಂದೆ ನಾನು. ಸುಮಾ ಅದನ್ನು ಹೇಳುವ ಮೊದಲೇ ಮೇಬಲ್ ತಲೆಯಾಡಿಸಿದಳು.

ಒಂದು ವಿಷಯ ಹೇಳಬೇಕು. ನಾನು ಮಿಲ್ಲಿನಲ್ಲಿ ನೂಲು ಸುತ್ತುತ್ತಿದ್ದೆ ಅನ್ನುವುದನ್ನು ಸುಮಾ ಅಲ್ಲಿ ಯಾರಿಗೂ ಹೇಳಿರಲಿಲ್ಲ. ಕನ್ನಡದವರೆಲ್ಲ ಓದಿದವರು, ದೊಡ್ಡ ಕೆಲಸದವರು. "ಅವ್ವ ಮನೇಲೇ ಇದ್ರು, ಹೌಸ್‌ವೈಫು" ಅಂತ ಮುಗಿಸಿಬಿಡುತ್ತಿದ್ದಳು. ನಾನೂ ಸುಮ್ಮನಿದ್ದೆ. ಒಂದು ದೀಪಾವಳಿಗೆ ನಮ್ಮ ಬ್ಲಾಕಿನ ಕೆಳಗೆ, ವಾಯ್ಡ್ ಡೆಕ್ ಅನ್ನುವ ಬರೀ ಕಂಬಗಳ ತೆರೆದ ಜಾಗದಲ್ಲಿ ಕನ್ನಡದವರೆಲ್ಲ ಸೇರಿದ್ದರು. ಬೆಂಗಳೂರಿನ ಒಬ್ಬಾಕೆ ಮೇಬಲ್‌ಳನ್ನು ಇಂಗ್ಲಿಷಿನಲ್ಲಿ ಮಾತಾಡಿಸಿದಳು. ಮೇಬಲ್ ನನ್ನ ಹೆಗಲಿಗೆ ಕೈ ಹಾಕಿ ಎಳೆದುಕೊಂಡು, ಕಂಬಗಳು ಅದುರುವ ಹಾಗೆ, ನಾವಿಬ್ಬರೂ ಮಿಲ್ಲಿನವರು, ಇವಳು ಗಂಟು ಹಾಕಿದರೆ ದೇವರಿಗೂ ಕಾಣಲ್ಲ ಅಂದಳು.

ಆಕೆ ನನ್ನ ಕಡೆ ತಿರುಗಿ, "ಹೌದಾ ಆಂಟಿ? ಸುಮಾ ಹೇಳ್ಲೇ ಇಲ್ವಲ್ಲ!" ಅಂದಳು.

ಸುಮಾ ಲಡ್ಡಿನ ತಟ್ಟೆ ನೋಡುತ್ತಾ ನಿಂತಳು. ನಾನು, "ಹೌದವ್ವ, ಮಿಲ್ಲಲ್ಲಿ ದುಡಿದೇ ಇವಳನ್ನ ನರ್ಸ್ ಮಾಡಿದ್ದು" ಅಂದೆ. ಆಕೆ ನನ್ನ ಪಕ್ಕ ಕೂತು ಮಿಲ್ಲಿನದ್ದೇ ಕೇಳಿದಳು, ತುಂಬ ಹೊತ್ತು. ಅವತ್ತಿನಿಂದ ನಾನು ಬಾಯಿ ಮುಚ್ಚಿಕೊಳ್ಳಲಿಲ್ಲ. ಅದು ಮೇಬಲ್ ಕೊಟ್ಟದ್ದು.

ಇಷ್ಟೆಲ್ಲ ಇದ್ದವಳನ್ನು ಮಗ ಅರಳುಮರಳು ಅಂದುಕೊಂಡಿದ್ದ.

ಒಂದು ಭಾನುವಾರ ರಾಬ್ ನಮ್ಮ ಮನೆಗೆ ಬಂದು ಸುಮಾಳ ಹತ್ತಿರ ತೋಡಿಕೊಂಡ. ಅಮ್ಮನಿಗೆ ಏನೂ ತಿಳಿಯುವುದಿಲ್ಲ, ಒಂದು ಕೇಳಿದರೆ ಇನ್ನೊಂದು ಹೇಳುತ್ತಾಳೆ, ಎಲ್ಲದಕ್ಕೂ ತಲೆಯಾಡಿಸುತ್ತಾಳೆ. ಇನ್ನು ಇಲ್ಲೇ ಇಟ್ಟುಕೊಳ್ಳಬೇಕು. ಊರಿನ ಮನೆಗೆ ಗಿರಾಕಿ ಸಿಕ್ಕಿದೆ, ಕೇಳಿದೆ, ಅಮ್ಮ ಹೂಂ ಅಂದಳು, ಮುಂದಿನ ವಾರ ಮಾರಿ ಮುಗಿಸುತ್ತೇನೆ ಅಂದ. ಹೇಳುವಾಗ ಅವನ ಕಣ್ಣು ತುಂಬಿತ್ತು. ಕೆಟ್ಟವನಲ್ಲ.

ಸುಮಾ ಕನ್ನಡದಲ್ಲಿ ಹೇಳಿದಾಗ ನಾನು ನಂಬಲಿಲ್ಲ. "ಯಾರಿಗೆ ಅರಳುಮರಳು? ನಿನ್ನ ಜೊತೆ ಅಷ್ಟು ನೆಟ್ಟಗೆ ಮಾತಾಡ್ತಾಳಲ್ಲೇ!"

"ನನಗೂ ಅದೇ ಅರ್ಥ ಆಗ್ತಿಲ್ಲ ಅವ್ವ. ಮಗನ ಹತ್ರ ಕನ್‌ಫ್ಯೂಸ್ ಆಗ್ತಾರಂತೆ."

"ಕರಿ ಅವಳನ್ನ ಇಲ್ಲಿಗೆ."

ಮೇಬಲ್ ಬಂದಳು. ರಾಬ್ ಏನೋ ಕೇಳಿದ. ನಾನು ಅವಳ ಮುಖವನ್ನೇ ನೋಡುತ್ತಿದ್ದೆ. ರಾಬ್‌ನಿಗೆ ಎದೆಯವರೆಗೆ ಗಡ್ಡ, ಬಾಯಿ ಇದೆಯೋ ಇಲ್ಲವೋ ಅನ್ನುವಷ್ಟು ಮೀಸೆ. ಸಿಂಗಾಪುರಕ್ಕೆ ಬಂದ ಮೇಲೆ ಬಿಟ್ಟದ್ದಂತೆ. ಆ ಸೆಕೆಯಲ್ಲಿ ಅದನ್ನು ಹೇಗೆ ಹೊತ್ತಿದ್ದನೋ. ಮೇಬಲ್‌ಳ ಕಣ್ಣು ಆ ಗಡ್ಡದಲ್ಲಿ, ಹುಲ್ಲಲ್ಲಿ ಬಿದ್ದ ಸೂಜಿ ಹುಡುಕುವ ಹಾಗೆ ಹುಡುಕಿದವು. ಸಿಗಲಿಲ್ಲ. ನಕ್ಕು ತಲೆಯಾಡಿಸಿದಳು.

ನನಗೆ ತಟ್ಟನೆ ನಮ್ಮ ಖಾತೆಯ ಜಾಬರ್, ಅಂದರೆ ಮೇಸ್ತ್ರಿ, ನೆನಪಾದ. ಮಿಲ್ಲಿನ ಸದ್ದಿನಲ್ಲಿ ಯಾರ ಮಾತು ಯಾರಿಗೂ ಕೇಳದು. ನಾವೆಲ್ಲ ಒಬ್ಬರ ತುಟಿ ಒಬ್ಬರು ನೋಡಿಯೇ ಊರಿನ ಸುದ್ದಿಯನ್ನೆಲ್ಲ ಆಡಿ ಮುಗಿಸುತ್ತಿದ್ದೆವು. ಆದರೆ ನಮ್ಮ ಮೇಲಿದ್ದ ಜಾಬರ್ ಪೊದೆ ಮೀಸೆಯವನು. ಅವನು ಏನು ಹೇಳಿದರೂ ಎಲ್ಲರೂ ತಲೆಯಾಡಿಸಿ ನಮಗೆ ತಿಳಿದದ್ದನ್ನು ಮಾಡುತ್ತಿದ್ದೆವು.

"ಸುಮಾ, ಇವಳಿಗೆ ತಲೆ ಕೆಟ್ಟಿಲ್ಲ. ಕಿವಿ ಹೋಗಿದೆ. ಆ ಗಡ್ಡ ಮೀಸೆ ಬೋಳಿಸು ಅನ್ನು ಅವನಿಗೆ."

"ಅವ್ವಾ, ಪ್ಲೀಸ್. ಹಾಗೆಲ್ಲ ಹೇಳಕ್ಕಾಗಲ್ಲ, ರೂಡ್ ಆಗುತ್ತೆ."

"ರೂಡೋ ಗೀಡೋ, ಹೇಳೇ."

ಸುಮಾ ಏನೋ ಮೆತ್ತಗೆ ಹೇಳಿದಳು. ರಾಬ್ ಗಡ್ಡ ಸವರಿಕೊಂಡು ನಾಚಿ, "ಥ್ಯಾಂಕ್ ಯೂ ಆಂಟಿ" ಅಂದ.

"ಏನಂದೆಯೇ ಅವನಿಗೆ?"

"ಗಡ್ಡ ಇಲ್ದಿದ್ರೆ ಇನ್ನೂ ಚೆನ್ನಾಗಿ ಕಾಣ್ತೀರಿ ಅಂತಾರೆ ನಮ್ಮವ್ವ ಅಂದೆ."

ನನಗೆ ಸಿಟ್ಟು ನೆತ್ತಿಗೇರಿತು. "ನಾನೇನು ಅವನಿಗೆ ಹೆಣ್ಣು ನೋಡ್ತಿದ್ದೀನಾ? ಸರಿ, ಹೇಳಬೇಡ. ನೀನೇ ಮೇಬಲ್ ಮುಂದೆ ನಿಂತು ಮನೆ ವಿಷಯ ಕೇಳು. ಸದ್ದು ಮಾಡಬೇಡ. ತುಟಿ ಮಾತ್ರ ಆಡಿಸು."

ಸುಮಾ ನನ್ನನ್ನು ವಿಚಿತ್ರವಾಗಿ ನೋಡಿದಳು. ಆದರೆ ಅವಳು ನರ್ಸು. ಏನೋ ಹೊಳೆದಿರಬೇಕು. ಮೇಬಲ್ ಮುಂದೆ ಕೂತು, ಒಂದು ಚೂರೂ ದನಿಯಿಲ್ಲದೆ, ನಿಧಾನವಾಗಿ ಬಾಯಿ ಆಡಿಸಿದಳು. ನಿಮ್ಮ ಮನೆ ಮಾರುತ್ತಿದ್ದಾರೆ, ನಿಮಗೆ ಒಪ್ಪಿಗೆಯಾ ಅಂತ.

ಮೇಬಲ್ ಎದ್ದು ನಿಂತಳು. "ಯಾರ ಮನೆ?" ಅಂತ ಕೂಗಿದ್ದು ಕೆಳಗಿನ ಹಾಕರ್ ಸೆಂಟರಿನ ಊಟದಂಗಡಿಗಳಿಗೂ ಕೇಳಿರಬೇಕು. ಆ ಮಾತಿಗೆ ನನಗೆ ಸುಮಾ ಬೇಕಾಗಲಿಲ್ಲ. ಮಗನ ಕಡೆ ತಿರುಗಿದಳು. ಸಿಟ್ಟಲ್ಲ. ಹೆದರಿಕೆ. ಅವಳ ಮುಖದಲ್ಲಿ ಹೆದರಿಕೆ ನಾನು ನೋಡಿದ್ದು ಅದೊಂದೇ ಸಲ.

ರಾಬ್ ಕುರ್ಚಿ ಎಳೆದುಕೊಂಡು ತಾಯಿಯ ಎದುರು ಕೂತ. ಸುಮಾ ಈಗ ಅವನಿಗೆ ಎಲ್ಲವನ್ನೂ ನೆಟ್ಟಗೆ ಬಿಡಿಸಿ ಹೇಳಿದಳು. ತಾನು ಕಿವುಡು ಅಂತ ಅಮ್ಮ ನನಗೆ ಯಾಕೆ ಹೇಳಲಿಲ್ಲ ಅಂತ ಅವನು ಕೇಳಿದ. ಸುಮಾ ಅದನ್ನು ಮೇಬಲ್‌ಗೆ ಮುಟ್ಟಿಸಿದಳು. ಮೇಬಲ್ ಹೇಳಿದ್ದನ್ನು ನಾನು ಈಗಲೂ ಮರೆತಿಲ್ಲ.

"ಕಿವುಡಾ? ನಮ್ಮೂರಲ್ಲಿ ಎಲ್ಲರೂ ಹೀಗೇ. ಅದಕ್ಕೆ ಹೆಸರಿಡೋದು ಯಾರು?"

ನೋಡಿ, ಆ ಊರು ಅಂಥದು, ಮಿಲ್ಲಿನ ಸದ್ದಿಗೆ ಬಹಳ ಮಂದಿಯ ಕಿವಿ ಹೋದ ಊರು. ಬೀದಿಗೆ ಬೀದಿಯೇ ಜೋರಾಗಿ ಮಾತಾಡುತ್ತದೆ, ಎಲ್ಲರೂ ಎಲ್ಲರ ಮುಖ ನೋಡಿಯೇ ಮಾತಾಡುತ್ತಾರೆ. ಅಲ್ಲಿ ಇವಳಿಗೆ ಯಾವ ಊನವೂ ಇರಲಿಲ್ಲ. ವಿಮಾನ ಹತ್ತಿ ಇಳಿದ ಮೇಲೆಯೇ ಅವಳು ಕಿವುಡಿಯಾದದ್ದು, ಹುಚ್ಚಿಯಾದದ್ದು.

ಮರುದಿನ ಬೆಳಿಗ್ಗೆ ರಾಬ್ ಬೋಳಿಸಿಕೊಂಡು ಬಂದ. ಹಣೆ ಮೂಗು ಕೆಂಪಗೆ, ಗಲ್ಲ ಮಾತ್ರ ಸುಲಿದ ಮೊಟ್ಟೆಯ ಹಾಗೆ. ಮೇಬಲ್ ಎರಡೂ ಕೈಯಲ್ಲಿ ಅವನ ದವಡೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದಳು. "ನಿಮ್ಮಪ್ಪನ ಬಾಯಿ" ಅಂದಳಂತೆ. ಆ ದಿನ ಅವನು ಶಾಲೆಗೆ ಹೋಗಲಿಲ್ಲ. ಗೋಡೆಯಾಚೆ ಸಂಜೆವರೆಗೂ ಅವಳ ಕೂಗು, ನಗು, ನಡುನಡುವೆ ಅಳು ಎಲ್ಲ ಕೇಳಿಸುತ್ತಿತ್ತು.

ಮನೆ ಮಾರಲಿಲ್ಲ. ಕಿವಿಗೆ ಹಾಕುವ ಮಿಷನ್ನು ತಂದುಕೊಟ್ಟ. ಎರಡು ದಿನ ಹಾಕಿ, ಪಾತ್ರೆ ಸದ್ದಿಗೆ ತಲೆನೋವು ಅಂತ ಡ್ರಾಯರಿಗೆ ಎಸೆದಳು. ಊರಿಗೆ ಹೋಗುತ್ತೇನೆ ಅಂತ ಹಠ ಹಿಡಿದಳು. ರಾಬ್ ಬೇಡ ಅಂದ, ಸೊಸೆ ಬೇಡ ಅಂದಳು. ನಾನೂ ಕೇಳಿದೆ, "ಯಾಕೆ ಹೋಗ್ತೀಯ? ಮಿಲ್ಲಿಲ್ಲ, ಅರ್ಧ ಮನೆ ಖಾಲಿ. ಯಾರಿದ್ದಾರೆ ಅಲ್ಲಿ?"

ಮೇಬಲ್ ತನ್ನ ಬೀದಿಯ ಮನೆ ಮನೆಯನ್ನೂ ಹೇಳಿದಳು. ಇದು ರೂತ್‌ಳ ಮನೆ, ಬದುಕಿದ್ದಾಳೆ. ಇದು ಇಂಥವನದು, ಸತ್ತ. ಇದರಲ್ಲಿ ಬಾಡಿಗೆಯವರು, ನಾಯಿ ಕಟ್ಟುವುದಿಲ್ಲ. "ಇರೋರೂ ನನಗೆ ಗೊತ್ತು, ಸತ್ತೋರೂ ಗೊತ್ತು. ಇಲ್ಲಿ ನನಗೆ ಗೊತ್ತಿರೋದು ನೀನೊಬ್ಬಳೇ" ಅಂದಳು.

ನನಗೆ ಊರಿಗೆ ಹೋಗುವ ಆಸೆ ಇರಲಿಲ್ಲ. ದಾವಣಗೆರೆಯಲ್ಲಿ ನನಗಾಗಿ ಕಾದಿರುವ ಬೀದಿ ಯಾವುದೂ ಇಲ್ಲ. ಅವಳಿಗೆ ಇತ್ತು. ಇದ್ದವಳು ಹೋಗಬೇಕು. ರಾಬ್‌ನಿಗೆ ಅದನ್ನೇ ಹೇಳಿಸಿದೆ, ಈ ಸಲ ಸುಮಾ ಮೆತ್ತಗೆ ಮಾಡಲಿಲ್ಲ.

ಹೋಗುವ ದಿನ ನಮ್ಮ ಅಡುಗೆಮನೆಗೆ ಬಂದಳು. ಮಂಡಕ್ಕಿ ಒಗ್ಗರಣೆ ಕೊಟ್ಟೆ, ಮೆಣಸಿನಕಾಯಿ ಬೋಂಡ ಕೊಟ್ಟೆ. ಕಣ್ಣಲ್ಲಿ ಮೂಗಲ್ಲಿ ನೀರು ಸುರಿಸಿಕೊಂಡು ಎಲ್ಲ ತಿಂದಳು. ಖಾರಕ್ಕೋ ಬೇರೆ ಏನಕ್ಕೋ, ನಾನು ಕೇಳಲಿಲ್ಲ. ಏರ್‌ಪೋರ್ಟಿಗೆ ಹೋಗಲಿಲ್ಲ. ಮಗುವಿಗೆ ಜ್ವರ ಇತ್ತು.

ಅಲ್ಲಿಂದಾಚೆ ರಾಬ್ ಭಾನುವಾರ ಭಾನುವಾರ ಫೋನ್ ಮಾಡುವನು. ಫೋನು ಅವಳಿಗೆ ಕೇಳದು. ಅಷ್ಟಿಷ್ಟು ಕಿವಿ ಉಳಿದಿದ್ದ ಪಕ್ಕದ ಮನೆಯ ರೂತ್ ಫೋನು ಹಿಡಿದುಕೊಂಡು, ಕೇಳಿದ್ದನ್ನು ತುಟಿಯಲ್ಲಿ ಅವಳಿಗೆ ದಾಟಿಸುತ್ತಿದ್ದಳಂತೆ. ಇಬ್ಬರೂ ಸೇರಿ ಇವನನ್ನು ಬಯ್ಯುತ್ತಿದ್ದರಂತೆ. ಹೀಗೆ ಎರಡು ಮೂರು ವರ್ಷ ನಡೆಯಿತು.

ಒಂದು ಮಧ್ಯಾಹ್ನ ಬಾಗಿಲು ಬಡಿದ ಸದ್ದಾಯಿತು. ರಾಬ್ ನಿಂತಿದ್ದ. ಸುಮಾ ಡ್ಯೂಟಿಗೆ ಹೋಗಿದ್ದಳು. ಅವನು ನನ್ನ ಮುಖಕ್ಕೆ ಮುಖ ಕೊಟ್ಟು, ಒಂದೊಂದೇ ಮಾತು ಬಿಡಿಸಿ, ಇಂಗ್ಲಿಷಿನಲ್ಲೇ ಹೇಳಿದ. ಅಮ್ಮ ಹೋದಳು. ತನ್ನ ಮನೆಯಲ್ಲಿ. ತನ್ನ ಹಾಸಿಗೆಯಲ್ಲಿ. ನನಗೆ ಎಲ್ಲ ತಿಳಿಯಿತು.

ಸಾವಾದ ಮನೆಯಲ್ಲಿ ಒಲೆ ಹಚ್ಚುವುದಿಲ್ಲ ನಮ್ಮ ಕಡೆ, ಅಕ್ಕಪಕ್ಕದವರು ಉಣ್ಣಲು ಕೊಡುತ್ತಾರೆ. ಅವರ ಕಡೆಯೂ ಹಾಗೇನಾ ಅಂತ ಕೇಳುವಷ್ಟು ಇಂಗ್ಲಿಷ್ ನನಗೆ ಬರಲಿಲ್ಲ. ಅವನ ಕೈ ಹಿಡಿದು ಒಳಗೆ ಕರೆತಂದು, ತಟ್ಟೆ ಹಾಕಿ, ಅನ್ನ ಸಾರು ಬಡಿಸಿದೆ. ಕೂತು ಉಂಡ.