ಹನ್ನೊಂದು ಮನೆಗೆ ಹೋದ ಲೆಟ್ಯೂಸ್ ಬೀಜ

ಮಲ್ಲಿಪಟ್ಟಣದ ಸಾಕಮ್ಮನಿಗೆ ಈಗ ಅರವತ್ತೆರಡು. ಅವರೆ, ಸೌತೆ, ಹೀರೆ, ಯಾವುದರ ಬೀಜ ಬೇಕಾದರೂ ಸುತ್ತಲಿನವರು ಅರಕಲಗೂಡಿನ ಅಂಗಡಿಗೆ ಹೊರಡುವ ಮೊದಲು ಆಕೆಯ ಹಿತ್ತಲ ಬಾಗಿಲು ತಟ್ಟುತ್ತಾರೆ. ಮೂವತ್ತು ವರ್ಷ ಬೀಜವನ್ನು ಬೂದಿಯಲ್ಲಿ ಹೊರಳಿಸಿ, ಒಣಗಿಸಿ, ಡಬ್ಬಿ ತುಂಬಿ ಗಳಿಸಿದ ಹೆಸರು ಅದು. ಆ ಹೆಸರಿಗೆ ಮೊದಲ ಪೆಟ್ಟು ಕೊಟ್ಟಿದ್ದು ಲೆಟ್ಯೂಸ್ ಎಂಬ ಪೇಟೆಯ ಸೊಪ್ಪು.

ಮೂರು ವರ್ಷದ ಹಿಂದೆ ಸೊಸೆ ಅನುಶ್ರೀ ಹಾಸನದಿಂದ ಮೂರು ಬಗೆಯ ಬೀಜದ ಪೊಟ್ಟಣ ತಂದಳು: ಕೋಸಿನಂತೆ ಉಂಡೆ ಕಟ್ಟುವುದು, ಎಲೆ ನೆಟ್ಟಗೆ ನಿಲ್ಲುವುದು, ಅಂಚು ಕೆಂಪಗಿರುವ ಬಿಡಿ ಎಲೆಯದು. ಕಾರ್ತಿಕದಲ್ಲಿ ಸಾಕಮ್ಮ ಮೂರನ್ನೂ ಬೇರೆ ಬೇರೆ ಮಡಿಯಲ್ಲಿ ಚೆಲ್ಲಿದಳು. ಮೊದಲ ಸೊಪ್ಪನ್ನು ಉಪ್ಸಾರಿಗೆ ಹಾಕಿ ಬೇಯಿಸಿದಾಗ ಒಂದು ಮಂಕರಿ ಸೊಪ್ಪು ಒಂದು ಸೌಟಾಗಿತ್ತು.

“ಇದೇನವ್ವ, ಸೊಪ್ಪೋ ನೀರೋ?”

ಅನುಶ್ರೀ ನಕ್ಕು, ಹಸಿಯಾಗಿಯೇ ಹೆಚ್ಚಿ ಹೆಸರುಬೇಳೆ ಕೋಸಂಬರಿಗೆ ಬೆರೆಸಿಕೊಟ್ಟಳು. ಸಾಕಮ್ಮ ಎರಡನೆಯ ಸಲ ಬಡಿಸಿಕೊಂಡಳು.

ಉಂಡೆ ಕಟ್ಟುವ ಬಗೆ ಇಬ್ಬನಿಗೆ ಒಳಗೇ ಕೊಳೆಯಿತು. ನೆಟ್ಟಗಿನದನ್ನು ಬುಡಸಮೇತ ಕೊಯ್ಯಬೇಕು. ಒಂದು ದಿನದ ಊಟಕ್ಕೆ ಮುಗಿಯಿತು. ಕೆಂಪಂಚಿನದು ಮಾತ್ರ ಹೊರಗಿನ ಎಲೆ ಕಿತ್ತಷ್ಟೂ ಒಳಗಿನಿಂದ ಹೊಸದನ್ನು ಕೊಡುತ್ತಿತ್ತು. ಮನೆಯ ಹಿತ್ತಲಿಗೆ ಇದೇ ಸರಿ ಎಂದು ಆರಿಸಿಕೊಂಡಳು. ಬಗೆಯ ಆಯ್ಕೆಯಲ್ಲಿ ಆಕೆ ತಪ್ಪಲಿಲ್ಲ. ತಪ್ಪಿದ್ದು ಬೀಜದ ಗಿಡದ ಆಯ್ಕೆಯಲ್ಲಿ.

ಆ ಮನೆಯ ರೂಢಿಯಂತೆ, ಮಡಿಯಲ್ಲಿ ಎಲ್ಲಕ್ಕಿಂತ ಮೊದಲು ಹೂ ಬಿಟ್ಟ ಗಿಡಕ್ಕೆ ಒಂದು ಬಟ್ಟೆಯ ಚೂರು ಕಟ್ಟುತ್ತಾರೆ. ಅದು ಬೀಜಕ್ಕೆ ಮೀಸಲು, ಯಾರೂ ಮುಟ್ಟುವಂತಿಲ್ಲ. ಲೆಟ್ಯೂಸಿಗೂ ಎರಡು ಚಳಿಗಾಲ ಹಾಗೆಯೇ ಕಟ್ಟಿದಳು. ಮೂರನೆಯ ವರ್ಷ ಬೀಜ ಹನ್ನೊಂದು ಮನೆಗೆ ಹೋಯಿತು.

ಬಿತ್ತಿ ತಿಂಗಳು ಕಳೆದಿತ್ತು. ನಿವೃತ್ತ ಮೇಷ್ಟ್ರು ಗಂಗಾಧರಯ್ಯ ಬೇಲಿಯಾಚೆಯಿಂದ ಕೂಗಿದರು. “ಸಾಕಮ್ಮಾ, ನಿನ್ ಸೊಪ್ಪು ಕೀಳಕ್ಕೆ ಇನ್ನೊಂದ್ವಾರಕ್ಕೆ ಏಣಿ ಬೇಕಾಯ್ತದೆ ಕಣಮ್ಮ!”

“ನಿಮ್ ಮಣ್ಣು ಬಿಸಿ ಮೇಷ್ಟ್ರೇ. ನೀರು ಸಾಲ್ದು.”

“ಮಣ್ಣು ನಂದು, ಬೀಜ ಯಾರ್ದು? ಬೇವು ತಿಂದಂಗೈತೆ. ನಮ್ಮನೆಯೋಳು ಹಳೇ ಸೇಡು ತೀರಿಸ್ಕತಾವ್ಳೆ ಅನ್ಕಂಡೆ.”

ಸಾಕಮ್ಮ ತನ್ನ ಮಡಿಗೆ ಹೋದಳು. ಅಲ್ಲಿಯೂ ಬಹುಪಾಲು ಗಿಡಗಳಲ್ಲಿ ನಡುದಂಟು ಎದ್ದಿತ್ತು. ಮುರಿದರೆ ಹಾಲು ಒಸರಿತು. ನಾಲಗೆಗೆ ಮುಟ್ಟಿಸಿದರೆ ಕಹಿ. ಕುಕ್ಕರಗಾಲಲ್ಲಿ ಕೂತು ಬಹಳ ಹೊತ್ತು ನೋಡಿದಳು. ಅವರೆಯಲ್ಲಿ ತಿನ್ನುವುದು ಕಾಯಿ, ಬೇಗ ಹೂ ಬಂದಷ್ಟೂ ಒಳ್ಳೆಯದು. ಇದರಲ್ಲಿ ತಿನ್ನುವುದು ಎಲೆ. ಹೂವಿಗೆ ಆತುರಪಡುವ ಗಿಡದಲ್ಲಿ ಎಲೆ ಕೆಡುತ್ತದೆ. ಅಂಥ ಆತುರದ ಗಿಡಗಳನ್ನೇ ಎರಡು ವರ್ಷ ಆರಿಸಿ ಆರಿಸಿ ತಾನು ಊರಿಗೆ ಹಂಚಿದ್ದಳು.

“ಯಾರತ್ರಾನೂ ಹೇಳ್ಬೇಡಿ ಅತ್ತೆ,” ಎಂದಳು ಅನುಶ್ರೀ. “ಈ ಸಲ ಬಿಸ್ಲು ಜಾಸ್ತಿ ಅನ್ನಿ, ನಂಬ್ತಾರೆ.”

“ನಂಬ್ತಾರೆ ಕಣವ್ವ. ನಂಬಿ ಅದರ್ದೇ ಬೀಜ ಎತ್ತಿಡ್ತಾರೆ. ಬರೋ ವರ್ಷ ಊರೆಲ್ಲಾ ಕಹಿಯಾಯ್ತದೆ.”

ಮರುದಿನ ಬೆಳಿಗ್ಗೆಯೇ ಹೊರಟಳು. “ತಪ್ಪು ನಂದೇ. ಹೂ ಬರಾಕ್ ಮುಂಚೆ ಕಿತ್ತಾಕ್ಬುಡಿ,” ಎಂದು ಮನೆಮನೆಯಲ್ಲೂ ಹೇಳಿದಳು. ಒಂಬತ್ತು ಮನೆಯವರು ಕಿತ್ತರು. ಹತ್ತನೆಯ ಮನೆಯಾಕೆ ಕೀಳುತ್ತಲೇ, “ಇನ್ನು ನಿನ್ ಅವರೆ ಬೀಜಾನೂ ಅನುಮಾನ್ವೇ ಬಿಡು,” ಎಂದಳು. ಆ ಮಾತು ಕೊನೆಯ ಮನೆಯವರೆಗೂ ಸಾಕಮ್ಮನ ಜೊತೆಗೇ ಬಂತು.

ಕೊನೆಯದು ಗಂಗಾಧರಯ್ಯನವರದು. ಅವರು ತಾವೇ ಗಿಡಗಳನ್ನು ಕಿತ್ತುಕೊಡುತ್ತಾ ಕೇಳಿದರು: “ನಿನ್ ಮಡೀಲಿ ಒಂದೂ ಉಳ್ದಿಲ್ವಾ?”

“ನಾಕು ಗಿಡ ಇನ್ನೂ ದಂಟೆತ್ತಿಲ್ಲ. ಎಲ್ಲಕ್ಕಿಂತ ಕೊನೇಗೆ ಹೂ ಬಿಡೋದು ಯಾವ್ದೋ, ಅದರ ಬೀಜ ಹಿಡೀತೀನಿ.”

“ಅಂಗಾರೆ ನಂಗೊಂದು ಚಿಟಿಕೆ ಇರ್ಲಿ.”

“ಇಲ್ಲ ಮೇಷ್ಟ್ರೇ. ಬರೋ ಕಾರ್ತಿಕ ನಾನೊಬ್ಳೇ ಬಿತ್ತಿ, ತಿಂದು ನೋಡ್ತೀನಿ. ಕಹಿ ಇಲ್ದಿದ್ರೆ ನಾನೇ ತಂದ್ಕೊಡ್ತೀನಿ.”

“ಅಲ್ಲೀಗಂಟ?”

“ಸೌತೆಕಾಯಿ ಐತಲ್ಲ, ತಿನ್ನಿ,” ಎನ್ನುತ್ತಾ ಸಾಕಮ್ಮ ಕಿತ್ತ ಗಿಡಗಳನ್ನು ಮಂಕರಿಗೆ ಅದುಮಿ ತುಂಬಿದಳು.