ಅತ್ತೆಯವರ ಈಳಿಗೆಯ ಹಲಗೆ

ನನ್ನ ಅತ್ತೆಯವರಿಗೆ ಕಣ್ಣು ಮಂದವಾಗಿತ್ತು, ಕೈ ಮಂದವಾಗಿರಲಿಲ್ಲ. ಇಷ್ಟು ಸಣ್ಣ ಮಾತು ನನ್ನ ಗಂಡನ ತಲೆಗೆ ಇಳಿಯಲು ಒಂದು ಇಡೀ ಮಳೆಗಾಲ ಹಿಡಿಯಿತು. ಈಗ ನೆನೆದರೂ ಮೈ ಉರಿಯುತ್ತದೆ.

ಆಗ ನಾವು ಪುಣೆಯ ಸದಾಶಿವ ಪೇಠೆಯ ಒಂದು ವಾಡೆಯಲ್ಲಿ, ಮಹಡಿಯ ಮೇಲಿನ ಎರಡು ಖೋಲಿಗಳಲ್ಲಿ ಇದ್ದೆವು. ಗಂಡ ಸರಕಾರಿ ಕಚೇರಿಯಲ್ಲಿ ಕಾರಕೂನರು. ಮಾವನವರು ತೀರಿಕೊಂಡ ಮೇಲೆ ಅತ್ತೆಯವರೂ ಧಾರವಾಡ ಬಿಟ್ಟು ನಮ್ಮ ಜೊತೆಗೆ ಬಂದಿದ್ದರು. ಊರಿನಲ್ಲಿ ದೊಡ್ಡ ಸಂಸಾರ ನಡೆಸಿದ ಹೆಂಗಸು. ಪುಣೆಯಲ್ಲಿ ಅವರ ಪಾಲಿಗೆ ಉಳಿದದ್ದು ಒಂದೇ ಕೆಲಸ, ಈಳಿಗೆಯ ಮೇಲೆ ಕೂತು ಕಾಯಿಪಲ್ಲೆ ಹೆಚ್ಚುವುದು. ಒಲೆಯ ಹೊಗೆ ಅವರಿಗೆ ಆಗುತ್ತಿರಲಿಲ್ಲ, ನಲ್ಲಿಯ ತನಕ ಮೆಟ್ಟಿಲು ಇಳಿಯಲು ಆಗುತ್ತಿರಲಿಲ್ಲ, ನೆರೆಹೊರೆಯವರ ಮರಾಠಿ ತಿಳಿಯುತ್ತಿರಲಿಲ್ಲ. ಆದರೆ ಹಲಗೆಯ ಮೇಲೆ ಕಾಲು ಮಡಚಿಟ್ಟು ಕೂತರೆಂದರೆ, ಚವಳಿಕಾಯಿ ಒಂದೇ ಅಳತೆಗೆ ತಟ್ಟೆಗೆ ಬೀಳುತ್ತಿತ್ತು. ನೋಡುವ ಕೆಲಸವನ್ನೂ ಬೆರಳುಗಳೇ ಮಾಡುತ್ತಿದ್ದವು.

ಅವರಿಗೆ ಕೈಕೊಟ್ಟದ್ದು ಹಲಗೆ. ಅದು ಮಾವಿನ ಕಟ್ಟಿಗೆಯದು, ಹಗುರ, ಅಗ್ಗದ್ದು. ಸಾಲದ್ದಕ್ಕೆ ನಮ್ಮ ಮನೆಯ ಮಡಿ. ನಮ್ಮಲ್ಲಿ ಮಡಿ ಎಂದರೆ ನೀರು. ಉಪ್ಪಿನ ಭರಣಿಯೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ನೀರು ಕಾಣಲೇಬೇಕು. ದಿನಾ ಬೆಳಿಗ್ಗೆ ಈಳಿಗೆಯನ್ನು ಹಲಗೆ ಸಮೇತ ನೀರಿನಲ್ಲಿ ಮುಳುಗಿಸುವುದು, ಆಮೇಲೆ ಬೇಗ ಒಣಗಲೆಂದು ಒಲೆಯ ಬದಿಗೆ ಆನಿಸಿಡುವುದು. ನೀರು ಕುಡಿದು ಉಬ್ಬಿದ ಕಟ್ಟಿಗೆ ಬೆಂಕಿಯ ಮುಂದೆ ಸೀಳದೆ ಇನ್ನೇನು ಮಾಡೀತು? ನಾನು ಹೇಳಿದರೆ ಅತ್ತೆಯವರು, "ನೀರ ಬಿದ್ದರ ಹಲಗಿ ಸಾಯ್ತದೇನು?" ಅನ್ನುತ್ತಿದ್ದರು. ಸಾಯುತ್ತದೆ. ಅಲಗು ನಾಟಿದ ತೂತು ಸಡಿಲಾಯಿತು. ಅದಕ್ಕೆ ಚಿಂದಿ ಬಟ್ಟೆ ತುರುಕಿದೆವು, ಚಕ್ಕೆ ಬಡಿದೆವು. ಹೊಸ ಹಲಗೆ ತನ್ನಿ ಎಂದು ಗಂಡನಿಗೆ ಹೇಳಿ ಹೇಳಿ ನನ್ನ ಬಾಯಿ ಸೋತಿತು.

ಕೊನೆಗೆ ಒಂದು ದಿನ ಕುಂಬಳಕಾಯಿಯ ಹೋಳನ್ನು ಒತ್ತುವಾಗ ಅಲಗು ವಾಲಿ ಅತ್ತೆಯವರ ಹೆಬ್ಬೆರಳು ಕೊಯ್ದಿತು. ಅರಿಶಿನ ಒತ್ತಿ ಬಟ್ಟೆ ಕಟ್ಟಿದೆ. ಸಂಜೆ ಕಚೇರಿಯಿಂದ ಬಂದ ಗಂಡ ಕೋಟು ಬಿಚ್ಚುವ ಮೊದಲೇ ತೀರ್ಪು ಕೊಟ್ಟರು.

"ಇನ್ನ ಅವ್ವ ಈಳಿಗಿ ಮುಟ್ಟಬಾರದು. ಕಣ್ಣ ಕಾಣೂದಿಲ್ಲ. ಸುಮ್ಮ ಒಂದ ಕಡೆ ಕೂತು ಜಪಾ ಮಾಡ್ಲಿ."

"ಕಣ್ಣಿಂದ ಆಗಿದ್ದಲ್ರಿ ಇದು, ಹಲಗಿಂದ," ಅಂದೆ. "ಹೆಂಗ ಸೀಳ್ಯದ, ಬಂದು ನೋಡ್ರಿ."

"ಹಲಗ್ಯಾಗ ಏನ ನೋಡೂದು? ಕಣ್ಣ ಕಾಣದ ತಾಯಿ ಕೈಲೆ ಕೆಲಸಾ ಮಾಡಸ್ತಾನ ಅಂತ ಮಂದಿ ನನಗ ಅಂತಾರ!"

ಮಂದಿ! ನಮ್ಮ ಅಡಿಗೆಮನೆಗೆ ಯಾವ ಮಂದಿ ಬರುತ್ತಿದ್ದರೋ ನಾನು ಕಾಣೆ. ಅದೇ ಒಡಕು ಹಲಗೆಯ ಮೇಲೆ ಮರುದಿನದಿಂದ ನಾನು ಹೆಚ್ಚಿದರೆ ಅಡ್ಡಿಯಿರಲಿಲ್ಲ. ಸೊಸೆಯ ಬೆರಳಿನ ವಿಷಯಕ್ಕೆ ಮಂದಿ ಏನೂ ಅನ್ನುವುದಿಲ್ಲವಲ್ಲ.

ಅತ್ತೆಯವರು ಮೂಲೆ ಹಿಡಿದರು. ಕೈಯಲ್ಲಿ ಜಪಮಾಲೆ ಇರುತ್ತಿತ್ತು, ಬೆರಳು ಮಾತ್ರ ಸೆರಗಿನ ಅಂಚನ್ನು ಹಿಂಡುತ್ತಿತ್ತು. ಊಟ ಅರ್ಧಕ್ಕೆ ಬಿಡುತ್ತಿದ್ದರು. ಒಮ್ಮೆ ತುತ್ತು ಬಾಯಿಗಿಟ್ಟುಕೊಂಡವರು, "ಈ ಬದನಿಕಾಯಿ ನೀ ಹೆಚ್ಚೀದಿ, ಹೌದಲ್ಲೊ?" ಎಂದು ಕೇಳಿ ತಟ್ಟೆಯಲ್ಲೇ ಕೈ ತೊಳೆದುಬಿಟ್ಟರು. ನನ್ನ ಮೇಲೆ ಸಿಟ್ಟಲ್ಲ ಅದು. ಇನ್ನು ಈ ಮನೆಗೆ ತಾನು ಬೇಡವಾದೆ ಎಂಬುದು ಅವರಿಗೆ ಗೊತ್ತಾಗಿಹೋಗಿತ್ತು. ಹೀಗೇ ಬಿಟ್ಟರೆ ಚಳಿಗಾಲ ಕಾಣಲಾರರು ಎಂದು ನನಗೆ ಅನಿಸಿತು. ಹಲಗೆ ತರಲು ನಾನೇ ಹೊರಟೆ.

ಭವಾನಿ ಪೇಠೆಯಲ್ಲಿ ಹಳೆಯ ವಾಡೆಗಳನ್ನು ಕೆಡವಿದ ತೊಲೆ, ಬಾಗಿಲುಗಳನ್ನು ಮಾರುವವರಿದ್ದರು. ಅಲ್ಲೊಬ್ಬ ಬಡಗಿ ನನಗೆ ಮೊದಲು ಹಸಿ ಹಲಗೆಯನ್ನೇ ತೋರಿಸಿದ. ಸದಾಶಿವ ಪೇಠೆಯ ಹೆಂಗಸು, ಅದೂ ಮುರುಕು ಮರಾಠಿಯವಳು, ಇವಳಿಗೆ ಕಟ್ಟಿಗೆಯ ಬಗ್ಗೆ ಏನು ತಿಳಿದೀತು ಎಂದುಕೊಂಡಿರಬೇಕು. ಉಗುರಿನಿಂದ ಗೀರಿ ತೋರಿಸಿ, "ಓಲಂ ಆಹೆ," ಹಸಿ ಇದೆ, ಎಂದು ಪಕ್ಕಕ್ಕೆ ಸರಿಸಿದೆ. ಇನ್ನೊಂದರಲ್ಲಿ ಅಲಗು ನಾಟಬೇಕಾದ ಜಾಗದಲ್ಲೇ ಗಂಟಿತ್ತು. ಮತ್ತೊಂದು ಮರದ ನಡುವಿನ ತಿರುಳಿನಿಂದ ಕೊಯ್ದದ್ದು, ಅದು ಇಂದಲ್ಲ ನಾಳೆ ಬಿರಿಯುವುದೇ. ಕೊನೆಗೆ ಅವನು ಗೊಣಗುತ್ತ ಸಾಗವಾನಿಯ ಹಳೆಯ ತೊಲೆಯ ತುಂಡೊಂದನ್ನು ಎಳೆದು ತಂದ. ಎಷ್ಟೋ ಬೇಸಿಗೆ ಕಂಡು ಒಣಗಿದ ಕಟ್ಟಿಗೆ. ಗೆರೆಗಳು ಉದ್ದಕ್ಕೆ ನೇರವಾಗಿದ್ದವು, ಗೆಣ್ಣಿನಿಂದ ಬಡಿದರೆ ಗಟ್ಟಿ ಸದ್ದು, ಕಾಲಡಿಗೆ ಇಟ್ಟರೆ ಜರುಗದಷ್ಟು ಭಾರ. ಅದನ್ನೇ ಕೊಯ್ಯಿಸಿ, ಹತ್ತರಿ ಹೊಡೆಸಿ ನುಣುಪು ಮಾಡಿಸಿದೆ. ಮೊದಲು ಚೆನ್ನಾಗಿ ಎಣ್ಣೆ ಕುಡಿಸಿ, ಆಮೇಲೆ ತಂದರೆ ತೂತು ಕೊರೆದು ಹಳೆಯ ಅಲಗನ್ನೇ ಕೂಡಿಸಿಕೊಡುತ್ತೇನೆ ಎಂದ.

ಕುಸುಬಿ ಎಣ್ಣೆಯನ್ನು ಉಗುರು ಬೆಚ್ಚಗೆ ಮಾಡಿ ಬಟ್ಟೆಯಿಂದ ತಿಕ್ಕುತ್ತಿದ್ದೆ. ಒಲೆಯಿಂದ ದೂರ, ನೆರಳಿನಲ್ಲಿ, ಗಾಳಿ ಎರಡೂ ಕಡೆ ಆಡುವಂತೆ ಅಂಚಿನ ಮೇಲೆ ನಿಲ್ಲಿಸುತ್ತಿದ್ದೆ. ದಿನದಿನಕ್ಕೆ ಅದು ಹಳೇ ಬೆಲ್ಲದ ಬಣ್ಣಕ್ಕೆ ತಿರುಗಿತು.

"ಏನ ವಾಸನಿ ತಂಗಿ ಅದು?" ಮೂಲೆಯಿಂದ ಅತ್ತೆಯವರು ಕೇಳಿದರು.

"ನಿಮ್ಮ ಹಲಗಿರಿ, ಅತ್ತಿಯವರ. ಆದರ ಇದನ್ನ ನೀರಾಗ ಮುಳುಗಿಸೂ ಹಂಗಿಲ್ಲ. ಬೂದಿ ಹಚ್ಚಿ ತಿಕ್ಕಿ, ಹಿಂಡಿದ ಅರಿವೀಲೆ ಒರಸೂದಽ."

"ಒರಸಿದ್ರ ಮಡಿ ಆಗ್ತದೇನು?"

"ಆಗ್ತದರಿ."

"ಆಗ್ಲಿ ಬಿಡು ಹಂಗಾರ," ಅಂದರು. ಜ್ವರದಲ್ಲೂ ಒದ್ದೆ ಸೀರೆ ಉಟ್ಟು ಅಡಿಗೆ ಮಾಡಿದವರ ಬಾಯಿಂದ ಈ ಮಾತು!

ಅಷ್ಟರಲ್ಲಿ ಚೌತಿ ಬಂತು. ಆ ಬೆಳಿಗ್ಗೆ ನಾನು ನಲ್ಲಿಯಿಂದ ನೀರು ಹೊತ್ತು ಮೇಲೆ ಬರುವುದರೊಳಗೆ ಗಂಡ ಗಣಪತಿಯನ್ನು ತಂದು, ಗೋಡೆಗೆ ನಿಲ್ಲಿಸಿದ್ದ ನನ್ನ ಹಲಗೆಯನ್ನು ಎಳೆದು, ಅದರ ಮೇಲೆ ಕೂಡಿಸಿ ಅಕ್ಷತೆ ಹಾಕಿಯೂ ಆಗಿತ್ತು. ಒಮ್ಮೆ ಕೂತ ದೇವರನ್ನು ಎಬ್ಬಿಸುವಂತಿಲ್ಲ.

"ಅದು ಅತ್ತಿಯವರ ಈಳಿಗಿ ಹಲಗಿ!" ಅಂದೆ.

"ಇಷ್ಟ ಚೊಲೋ ಹಲಗಿ ದೇವರಿಗಲ್ಲದ ಮತ್ಯಾರಿಗೆ?" ಅಂದರು, ನಗುತ್ತ.

ಮನೆಗೆ ಬಂದ ಒಳ್ಳೆಯದೆಲ್ಲ ಹೀಗೇ. ಮೊದಲು ದೇವರಿಗೆ, ಆಮೇಲೆ ಗಂಡಸರಿಗೆ, ನಮ್ಮ ಪಾಲಿಗೆ ಚಿಂದಿ ತುರುಕಿದ ತೂತು. ಹಬ್ಬದ ಅಷ್ಟೂ ದಿನ ನಾನು ಹಲ್ಲು ಕಚ್ಚಿಕೊಂಡು ಆರತಿ ಎತ್ತಿದೆ.

ಅನಂತ ಚತುರ್ದಶಿಗೆ ಗಂಡ ಅದೇ ಹಲಗೆಯ ಮೇಲೆ ಗಣಪತಿಯನ್ನು ಹೊತ್ತು ಮುಠಾ ಹೊಳೆಗೆ ಹೋದರು. ಬಿಟ್ಟು ಬರುವಾಗ ಅದರ ಮೇಲೆ ಪದ್ಧತಿಯಂತೆ ಒಂದು ಹಿಡಿ ಹೊಳೆಯ ಉಸುಕು ತಂದರು. ಒದ್ದೆ ಹಲಗೆಯನ್ನು ಹಾಗೆಯೇ ಮಧ್ಯಾಹ್ನದ ಬಿಸಿಲಿಗೆ ಬಿಟ್ಟು ಮಲಗಿದರು. ಅದನ್ನು ನೆರಳಿಗೆ ತಂದು, ಒರೆಸಿ, ಮತ್ತೆ ಎಣ್ಣೆ ತಿಕ್ಕಿದವಳು ನಾನು. ಮಧ್ಯದಲ್ಲಿ ಕುಂಕುಮದ ಕಲೆ ಮಾತ್ರ ಹೋಗಲಿಲ್ಲ.

ಮರುದಿನ ಹಲಗೆಯನ್ನು ಬಡಗಿಯ ಹತ್ತಿರ ಒಯ್ಯುತ್ತೇನೆ ಎಂದದ್ದಕ್ಕೆ ಗಂಡ ಹೌಹಾರಿದರು. "ದೇವರು ಕೂತ ಹಲಗಿಗೆ ತೂತ ಹೊಡಸ್ತೀ? ಅದರ ಮ್ಯಾಲೆ ಬದನಿಕಾಯಿ ಹೆಚ್ಚತೀರಿ?" ಎಂದು, ಅದನ್ನು ದೇವರ ಗೂಡಿನ ಪಕ್ಕ ತೂಗುಹಾಕಲು ಮೊಳೆ, ಸುತ್ತಿಗೆ ಹಿಡಿದು ನಿಂತರು. ನಾನು ಬಾಯಿ ತೆರೆಯುವಷ್ಟರಲ್ಲಿ ಅತ್ತೆಯವರು ಗೋಡೆ ಹಿಡಿದು ಎದ್ದು ಬಂದರು.

"ಕೊಡ ಇಲ್ಲೆ ಅದನ್ನ."

ಹಲಗೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತರು. ಈ ತುದಿಯಿಂದ ಆ ತುದಿಗೆ ಅಂಗೈ ಆಡಿಸಿದರು, ಗೆಣ್ಣಿನಿಂದ ಬಡಿದು ನೋಡಿದರು. ಆಮೇಲೆ ಮಗನಿದ್ದ ಕಡೆಗೆ ಮುಖ ಎತ್ತಿದರು.

"ಗಣಪತಿನ್ನ ಮೂಲ್ಯಾಗ ಕೂಡಿಸಿದಿ, ಹಬ್ಬ ಮುಗದ ಮ್ಯಾಲೆ ನೀರಿಗೆ ಬಿಟ್ಟಿ. ನನ್ನನ್ನೂ ಮೂಲ್ಯಾಗ ಕೂಡಿಸೀದಿ. ಯಾವಾಗ ನೀರಿಗೆ ಬಿಡಾಂವ ಇದ್ದಿ, ಹೇಳಿಬಿಡು."

"ಅವ್ವಾ, ಹಂಗಲ್ಲ..."

"ಹಂಗಽ ಅದ. ನಡಿ ತಂಗಿ, ನಾನೂ ಬರ್ತೀನಿ."

ಬಂದಾಗಿನಿಂದ ಮೆಟ್ಟಿಲು ಇಳಿಯದಿದ್ದವರು ನನ್ನ ಹೆಗಲು ಹಿಡಿದು ಇಳಿದರು. ಟಾಂಗಾ ಮಾಡಿಕೊಂಡು ಹೋದೆವು. ಬಡಗಿ ಹಲಗೆ ಕೈಗೆ ತೆಗೆದುಕೊಂಡವನು ಕುಂಕುಮ ಕಂಡು ತಡೆದ. ಇದು ದೇವರದಲ್ಲವೇ ತಾಯೀ, ಎಂದು ಮರಾಠಿಯಲ್ಲಿ ಕೇಳಿದ. ಅತ್ತೆಯವರಿಗೆ ಆ ಭಾಷೆ ಬಾರದು, ಆದರೆ ಅವನ ಕೈ ನಿಂತದ್ದು ತಿಳಿಯಿತು. ಅವನ ಮುಂದೆಯೇ ನೆಲಕ್ಕೆ ಕೂತು, ಹಲಗೆಯ ಮೇಲೆ ಕಾಲು ಮಡಚಿಟ್ಟು, ತಡವುತ್ತ ತಮಗೆ ಎಟುಕುವ ಜಾಗ ಹುಡುಕಿದರು. ಗಾಯದ ಗುರುತಿದ್ದ ಹೆಬ್ಬೆರಳನ್ನು ಅಲ್ಲಿ ಒತ್ತಿ ಹಿಡಿದು, "ಇಲ್ಲೆ ಕೊರಿ," ಅಂದರು.

ಬಡಗಿ ಉಳಿ ಇಟ್ಟ.