ಹಿಂದಿನವರ ಜೋಳ

ಮೂಡಲಗಿಯ ನಮ್ಮ ಓಣಿಯಲ್ಲಿ ಹಿಟ್ಟಿನ ಗಿರಣಿ ನಡೆಸುತ್ತಿದ್ದವನಿಗೆ ಇನ್ನೂ ಇಪ್ಪತ್ತೈದು ತುಂಬಿರಲಿಲ್ಲ. ಯಾರದೋ ಜೋಳ ಬೀಸಿದ ಮೇಲೆ ನನ್ನ ಗೋದಿ ಸುರಿದರೆ, ಬೀಳುವ ಹಿಟ್ಟನ್ನು ಬೆರಳಲ್ಲಿ ತಿಕ್ಕಿ ನೋಡುತ್ತಿದ್ದ. "ತಡೀರಿ ಅಕ್ಕಾರ, ಇನ್ನೂ ಹಿಂದಿನವರ ಜ್ವಾಳಾನ ಬರಾಕತ್ತೈತಿ" ಅಂತ ಅಷ್ಟನ್ನು ಬೇರೆ ಡಬ್ಬಿಗೆ ಬಿಟ್ಟು, ಆಮೇಲೆ ನನ್ನ ಡಬ್ಬಿ ಇಡಿಸುತ್ತಿದ್ದ.

ಒಂದು ದಿನ ನನ್ನ ಚಪಾತಿ ಲಟ್ಟಿಸುವಾಗಲೇ ಹರಿದವು. "ಜ್ವಾಳ ಕೂಡಿಸಿ ಕೊಟ್ಟೀಯಲ್ಲೋ, ನಿದ್ದಿ ಮಾಡತಿದ್ದೇನು?" ಅಂತ ಹೋಗಿ ಬೈದೆ. ಅವನು ನಗಲಿಲ್ಲ. ಬಲಗೈ ಬೆರಳು ಮುಂದೆ ಹಿಡಿದು, "ಇವಕ್ಕ ಏನೂ ತಿಳೀವಲ್ದ್ರಿ" ಅಂದ.

ಅವನ ಮಿದುಳಿನಲ್ಲಿ ಗಡ್ಡೆ ಇತ್ತು. ಬೆಳಗಾವಿಯಲ್ಲಿ ಆಪರೇಶನ್ ಆಯಿತು. ಎರಡು ಜಾತಿಯ ಗಡ್ಡೆ ಒಂದರಲ್ಲೊಂದು ಬೆರೆತಿವೆ, ಬಹಳ ಅಪರೂಪದ್ದು, ಪೂರ್ತಿ ತೆಗೆಯಲಾಗಲಿಲ್ಲ ಎಂದರಂತೆ ಡಾಕ್ಟರರು.

ಮತ್ತೆ ನಾನು ಗೋದಿ ಒಯ್ದಾಗ ಅವನ ಅವ್ವ ಬೀಸುತ್ತಿದ್ದಳು. ಅವನು ತಲೆಗೆ ಟೊಪ್ಪಿಗೆ ಹಾಕಿಕೊಂಡು ಬಾಜೂಕ ಕುಳಿತಿದ್ದ.

"ಒಬ್ಬರ ಹಿಟ್ಟಿನಾಗ ಒಬ್ಬರದು ಕೂಡಾಕ ಬಿಡ್ಲಿಲ್ರಿ ಅಕ್ಕಾರ. ನನ್ನ ತಲ್ಯಾಗ ನೋಡ್ರಿ ಹೆಂಗ ಕೂಡೇತಿ" ಅಂದ.

ಅವ್ವ ಮುಖ ತಿರುಗಿಸಿ ಗಿರಣಿ ಚಾಲೂ ಮಾಡಿದಳು. ಅವನು ತಾನೇ ಬಲಗೈ ಚಾಚಿ ಹಿಟ್ಟು ಹಿಡಿದು, ಬಹಳ ಹೊತ್ತು ತಿಕ್ಕಿದ. "ತಡೀರಿ, ಇನ್ನೂ ಜ್ವಾಳ ಐತಿ."

ಬೀಳುತ್ತಿದ್ದದ್ದು ಅಪ್ಪಟ ಗೋದಿ. ನಾನು ಅವ್ವನ ಮುಖ ನೋಡಿದೆ, ಅವಳು ನನ್ನ ಮುಖ ನೋಡಿದಳು. ನನ್ನ ಗೋದಿ ಹಿಟ್ಟು ಆ ಬೇರೆ ಡಬ್ಬಿಗೆ ಅರ್ಧದವರೆಗೆ ಬಿತ್ತು.

"ಹಾಂ, ಈಗ ಇಡ್ರಿ" ಅಂದ ಅವನು.

ಆಗ ಇಟ್ಟೆ.